ವಿಲಾಯಿತಿ ಹಾಡಿಗೆ ಐದರಲ್ಲಿ ಎರಡು

ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಕ್ಯಾಸೆಟ್ ಅಂಗಡಿಯಲ್ಲಿ ಮೊನ್ನೆ ಒಂದು ಕ್ಯಾಸೆಟ್ಟಿನ ಮೇಲೆ ಕೆಂಪು ಚೀಟಿ ಅಂಟಿಸಿದ್ದರು: ‘ಹೊಚ್ಚ ಹೊಸದು’. ನಾನು ಪಿಯುಸಿ ಓದುವಾಗಲೇ ನಮ್ಮ ಹಾಸ್ಟೆಲ್ಲಿನ ಎದುರಿನ ಚಹಾದಂಗಡಿಯವನು ಅದೇ ಕ್ಯಾಸೆಟ್ಟನ್ನು ಬೆಳಿಗ್ಗೆ ಸಂಜೆ ಹಾಕಿ ಹಾಕಿ ಸವೆಸಿದ್ದ. ಅದರ ಎರಡನೇ ಬದಿಯಲ್ಲಿ ಮೂರನೇ ಹಾಡು ಎಲ್ಲಿ ತೊದಲುತ್ತದೆಂಬುದು ಕೂಡ ನನಗೆ ಗೊತ್ತು. ಸುಮ್ಮನೆ ಬರಬಹುದಿತ್ತು. ಸುಮ್ಮನೆ ಬರುವುದು ನನಗೆ ಯಾವತ್ತೂ ಬಂದಿಲ್ಲ.

“ಇದು ಹೊಸದು ಅಂತ ಹೆಂಗ ಹೇಳ್ತೀರಿ?” ಎಂದೆ.

“ಚೀಟಿ ಇವತ್ತ ಹಚ್ಚೀನಲ್ರೀ.”

“ಚೀಟಿ ಹೊಸದು, ಒಪ್ಪಿದೆ. ಹಾಡು?”

ಅಂಗಡಿಯವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. “ನೀವು ಇದನ್ನ ಕೇಳೀರೇನು?”

“ಕೇಳೀನಿ.”

“ಹಂಗಾದ್ರ ನಿಮಗ ಹಳೀದು. ಕೇಳದವರಿಗಿ ಹೊಸದು. ಜರಾ ಬಾಜೂ ಸರೀರಿ, ಗಿರಾಕಿ ಬರಲಿ.”

ಐದು ಜಿಲ್ಲೆಗಳ ಚರ್ಚಾಸ್ಪರ್ಧೆಯಲ್ಲಿ ಗೆದ್ದವಳು ನಾನು. ಕ್ಯಾಸೆಟ್ ಒರೆಸುವ ಬಟ್ಟೆ ಹಿಡಿದ ಮನುಷ್ಯನಿಗೆ ಸೋತು ಹೊರಗೆ ಬಂದೆ. ಬಿಸಿಲಲ್ಲಿ ನಿಂತು ಉತ್ತರ ಹುಡುಕಿದೆ. ಹೊಸ ಹಾಡಿನ ವಿಷಯದಲ್ಲಿ ನಾನು ಹೀಗೆ ಸೋತದ್ದು ಇದು ಮೊದಲ ಸಲವಲ್ಲ ಎಂಬುದು ಆಗ ನೆನಪಾಯಿತು. ಮೊದಲ ಸಲ ಸೋತದ್ದು ದೇವದುರ್ಗದಲ್ಲಿ. ಅಲ್ಲಿ ನಾನು ಮೊದಲು ಗೆದ್ದಿದ್ದೆ. ಅದೇ ತೊಂದರೆ ಆದದ್ದು.

ಸಂಶಯ ನನಗೆ ನಮ್ಮೂರು ಮಾನ್ವಿಯ ಸಂತೆಯಲ್ಲಿ ಹತ್ತಿದ ಜಡ್ಡು. ಅವ್ವ ಮಣ್ಣಿನ ಕೊಡ ಕೊಳ್ಳಲು ಹೋಗುವಾಗ ನನ್ನನ್ನು ಕರೆದೊಯ್ಯುತ್ತಿದ್ದಳು. ಕೊಡವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗಿಣ್ಣಿನಿಂದ ಬಡಿಯುವಳು. ಆಮೇಲೆ ನನ್ನ ಕಿವಿಯ ಹತ್ತಿರ ತಂದು ಮತ್ತೆ ಬಡಿಯುವಳು. “ಏನಂತದ?” “ಟಣ್ ಅಂತದ.” “ಪೂರಾ ಟಣ್ ಅಂತದೋ, ಟಣ್ ಅಂದಂಗ ಮಾಡ್ತದೋ?” ನಾನು ಮತ್ತೆ ಕೇಳಿಸಿಕೊಳ್ಳುತ್ತಿದ್ದೆ. ಅವ್ವನ ತವರು ನೀರಮಾನ್ವಿ. ಅಲ್ಲಿಯ ಹೆಣ್ಣುಮಕ್ಕಳು ಹೀಗೆ ಎಂಟು ಹತ್ತು ಕೊಡ ಬಡಿಯದೆ ಒಂದನ್ನು ಕೊಂಡ ಉದಾಹರಣೆ ಇಲ್ಲವಂತೆ. ಒಂದು ಸಲ ಕುಂಬಾರರ ಮುದುಕಿ ತಾಳ್ಮೆ ಕಳಕೊಂಡು, “ಯವ್ವಾ, ಕೊಡ ತಗೋತೀಯೋ, ಅದರ ಕೂಡ ಮಾತಾಡಿ ಹೋಗ್ತೀಯೋ?” ಎಂದಿದ್ದಳು. ಅವ್ವ ನಗಲಿಲ್ಲ. “ಅದು ಮಾತಾಡಿದ್ರ ತಗೋತೀನಿ” ಎಂದಳು.

ಕೊಡಗಳನ್ನು ಬಿಟ್ಟು ನಾನು ಮನುಷ್ಯರನ್ನು ಬಡಿಯಲು ಕಲಿತದ್ದು ಹೈಸ್ಕೂಲಿನಲ್ಲಿ. ನಮ್ಮ ಕನ್ನಡ ಮೇಷ್ಟ್ರು ಚರ್ಚಾಸ್ಪರ್ಧೆಗೆ ತರಬೇತಿ ಕೊಡುವಾಗ ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರವಾಗಿ, ಸಂಜೆ ವಿರುದ್ಧವಾಗಿ ಮಾತಾಡಿಸುತ್ತಿದ್ದರು. ಎರಡು ಹೊತ್ತೂ ಬೆವರುವಷ್ಟು ನಂಬಿಕೆಯಿಂದ ಮಾತಾಡಬೇಕು. ಬಹುಮಾನವಾಗಿ ಎಲ್ಲ ಕಡೆ ಸ್ಟೀಲಿನ ಲೋಟ ಕೊಡುತ್ತಿದ್ದರು. ಈಗಲೂ ಮಾನ್ವಿಯ ನಮ್ಮ ಮನೆಗೆ ಬಂದವರು ಚಹಾ ಕುಡಿಯುವುದು ನನ್ನ ವಾದಗಳಲ್ಲಿಯೇ. ಸೋತ ವರ್ಷದ ಒಂದು ಸಣ್ಣ ಬಟ್ಟಲೂ ಇದೆ. ಅದರಲ್ಲಿ ಅವ್ವ ಉಪ್ಪು ಇಡುತ್ತಾಳೆ.

ರಾಯಚೂರಿನ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ ರೇಣುಕಾ. ದೇವದುರ್ಗದವಳು, ಕುರಿ ಸಾಕುವ ಮನೆತನದವಳು, ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಜೀವ. ಸುಳ್ಳು ಹೇಳುವವಳಲ್ಲ. ಆದರೂ ಒಂದು ದಿನ ಬಟ್ಟೆ ಒಣಹಾಕುತ್ತ ಅವಳು ಆಡಿದ ಮಾತನ್ನು ನಾನು ನಂಬಲಿಲ್ಲ.

“ನಮ್ಮ ಮಲ್ಲಣ್ಣ ವಿಲಾಯಿತಿ ಹಾಡು ಹಿಡೀತಾನ. ಅಲ್ಲಿ ಈ ವಾರ ಹೊರಗ ಬಂದ ಹಾಡು ಈ ವಾರಾನ ನಮ್ಮ ಮನ್ಯಾಗ ಕೇಳಸ್ತದ.”

“ರಾಯಚೂರಿಗಿ ಬೆಂಗಳೂರಿನ ಸಿನಿಮಾ ಬರಾಕ ಆರು ತಿಂಗಳ ಬೇಕು. ದೇವದುರ್ಗಕ್ಕ ವಿಲಾಯಿತಿ ಒಂದು ವಾರದಾಗ ಬರ್ತದೇನು?”

“ಬಂದು ನೋಡು ಬೇ. ಬಸ್ಸಿನಾಗ ಕುಂತ್ರ ನಿನ್ನ ಬಾಯಿಗೂ ಜರಾ ಗಾಳಿ ಹತ್ತಿದಂಗ ಆಗ್ತದ.”

ಮುಂದಿನ ಶನಿವಾರ ವಾರ್ಡನ್ನರ ಸಹಿ ಹಾಕಿಸಿಕೊಂಡು ಬಸ್ಸು ಹತ್ತಿದೆವು. ರೇಣುಕಾಳ ಮನೆ ಬಸ್‌ಸ್ಟ್ಯಾಂಡಿನ ರಸ್ತೆಗೇ ಮುಖ ಮಾಡಿತ್ತು. ಮುಂದಿನ ಖೋಲಿ ಅವಳ ಅಣ್ಣ ಮಲ್ಲಣ್ಣನ ರೇಡಿಯೋ ರಿಪೇರಿ ಅಂಗಡಿ. ಮೇಜಿನ ಮೇಲೆ ಹೊಟ್ಟೆ ಬಗಿದ ರೇಡಿಯೋಗಳು, ಗೋಡೆಗೆ ತಂತಿಯ ಸುರುಳಿಗಳು. ಮಲ್ಲಣ್ಣನಿಗೆ ಆಗ ಇಪ್ಪತ್ತೈದಿರಬಹುದು. ಮಾತಾಡುವಾಗ ಎದುರಿನವರ ಮುಖ ನೋಡುವ ರೂಢಿಯಿಲ್ಲ. ತನ್ನ ಹವಾಯಿ ಚಪ್ಪಲಿಗಳಿಗೆ ಹೇಳುತ್ತಿದ್ದಾನೆಂದು ತೋರುತ್ತಿತ್ತು. ಮಾಳಿಗೆಯಿಂದ ಬೇವಿನ ಮರದ ತನಕ ತಾಮ್ರದ ತಂತಿ ಎಳೆದಿದ್ದ. ಇನ್ನೊಂದು ತಂತಿ ಕಿಟಕಿಯಿಂದ ಇಳಿದು ಅಂಗಳದ ನೆಲದೊಳಗೆ ಹೋಗಿತ್ತು. ಅಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಹೂತಿದ್ದನಂತೆ. ಆ ಜಾಗ ಒದ್ದೆಯಾಗಿದ್ದರೆ ರೇಡಿಯೋ ಚೆನ್ನಾಗಿ ಹಿಡಿಯುತ್ತದೆಂದು ಶನಿವಾರ ಸಂಜೆ ಒಂದು ಕೊಡ ನೀರು ಸುರಿಯುತ್ತಿದ್ದ.

ಅವರಪ್ಪ ಭೀಮಣ್ಣ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದರು. ಮಗ ನೀರು ಹಾಕುವುದನ್ನು ತೋರಿಸಿ ನನಗೆ ಹೇಳಿದರು: “ನೋಡವ್ವಾ, ಜ್ವಾಳಕ್ಕ ಹಾಕು ಅಂದ್ರ ಹಾಕಂಗಿಲ್ಲ. ಇಲ್ಲಿ ನೆಲಕ್ಕ ನೀರು ಹಾಕಿ ರೇಡಿಯೋ ಬೆಳಿಯಾಕತ್ತಾನ.”

ಹೊತ್ತು ಮುಳುಗುವ ಸುಮಾರಿಗೆ ಮಲ್ಲಣ್ಣ ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿದ. ಮೊದಲು ಬಾಣಲೆಯಲ್ಲಿ ಮೆಣಸಿನಕಾಯಿ ಬಿದ್ದಂಥ ಸದ್ದು. ಅದರ ಹಿಂದೆ ಒಬ್ಬ ಮನುಷ್ಯ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ಪಕ್ಕದ ಕೋಣೆಯಲ್ಲಿ ಕೂಸು ಮಲಗಿದೆಯೇನೋ ಎಂಬಷ್ಟು ಮೆಲ್ಲಗೆ. ಆಮೇಲೆ ಗಿಟಾರುಗಳು ಬಂದವು. ಬಂದವು ಎನ್ನುವುದಕ್ಕಿಂತ ಏರಿದವು ಎನ್ನಬೇಕು. ಹೊಳೆ ಏರಿದ ಹಾಗೆ. ಆ ಭೋರ್ಗರೆತದ ನಡುವೆ ಒಂದು ಹುಡುಗಿಯ ದನಿ, ಏನು ಹಾಡುತ್ತಿದ್ದಾಳೆಂದು ತಿಳಿಯುವಷ್ಟರಲ್ಲಿ ಮುಳುಗಿ, ಇನ್ನು ಇಲ್ಲ ಎನ್ನುವಷ್ಟರಲ್ಲಿ ಎದ್ದು, ಮತ್ತೆ ಮುಳುಗಿ. ಹಾಡು ಉಸಿರಾಡುತ್ತಿತ್ತು. ನಾನು ಮೇಜಿನ ಅಂಚು ಹಿಡಿದು ನಿಂತಿದ್ದೆ. ರೇಣುಕಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆದ್ದರಿಂದ ನಾನು ತಕ್ಷಣ ಮುಖ ಗಂಟಿಕ್ಕಿದೆ.

“ಇದು ಈ ವಾರದ್ದು ಅನ್ನಾಕ ಆಧಾರ ಏನು?” ಎಂದೆ.

ಹೊಸದಾಗಿ ಹೊರಬಂದ ಹಾಡುಗಳನ್ನು ಮಾತ್ರ ಹಾಕುವ ಕಾರ್ಯಕ್ರಮ ಅದು. ಆ ಮೆಲುದನಿಯ ಮನುಷ್ಯ ಪ್ರತಿ ಹಾಡಿಗೂ ಹುಟ್ಟಿದೂರು ಹೇಳುತ್ತಿದ್ದ. ಇದನ್ನು ಇಬ್ಬರು ಗೆಳೆಯರು ಮಲಗುವ ಕೋಣೆಯಲ್ಲಿ ಮುದ್ರಿಸಿ ಹೊರತಂದರು, ಅದನ್ನು ಒಂದು ಪುಸ್ತಕದಂಗಡಿಯ ಹುಡುಗಿ ತನ್ನ ಸಂಬಳದಲ್ಲಿ ಹೊರತಂದಳು, ಹೀಗೆ. ಈ ಜಾತಿಯ ಹಾಡಿಗೆ ‘ಇಂಡಿ’ ಎನ್ನುತ್ತಿದ್ದ. ಮಲ್ಲಣ್ಣ ಬಹಳ ದಿನ ಅದು ನಮ್ಮ ಬಿಜಾಪುರದ ಕಡೆಯ ಇಂಡಿಯೇ ಇರಬೇಕೆಂದು, ನಿಂಬೆಹಣ್ಣಿನ ಜೊತೆ ಹಾಡನ್ನೂ ಅಲ್ಲಿಂದ ಕಳಿಸುತ್ತಾರೇನೋ ಎಂದು ಯೋಚಿಸಿದ್ದನಂತೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಮಾಡಿಕೊಂಡ ಹಾಡು ಎಂದು ನಾನು ವಿವರಿಸಿದೆ. ವಿವರಿಸುತ್ತಿದ್ದಂತೆ ನನಗೇ ಅನುಮಾನ ಬಂತು. ಯಾರೂ ಕೇಳದಿದ್ದರೂ ಯಾಕೆ ಮಾಡಬೇಕು? ಯಾರ ಲಾಭಕ್ಕೆ?

ಇನ್ನೊಂದು ಸಂಗತಿ. ಈ ಹುಡುಗರು ವೇದಿಕೆಯ ಮೇಲೆ ಜನರ ಕಡೆ ನೋಡುವುದಿಲ್ಲವಂತೆ, ತಮ್ಮ ಬೂಟುಗಳನ್ನೇ ನೋಡುತ್ತ ನಿಂತು ಬಾರಿಸುತ್ತಾರಂತೆ. ಹಾಗೆಂದು ಆ ಮನುಷ್ಯ ಒಮ್ಮೆ ನಗುತ್ತ ಹೇಳಿದ. ಚರ್ಚಾಸ್ಪರ್ಧೆಯಲ್ಲಿ ಕಾಲು ನೋಡಿಕೊಂಡು ಮಾತಾಡಿದರೆ ಅಂಕ ಕಳೆಯುತ್ತಾರೆ. “ಮುಖ ತೋರಸದವರು ಏನೋ ಮುಚ್ಚಿಡಾಕತ್ತಾರ” ಎಂದೆ.

“ನಾಚಿಕಿ ಇರಬೇಕು” ಎಂದ ಮಲ್ಲಣ್ಣ, ತನ್ನ ಚಪ್ಪಲಿ ನೋಡುತ್ತ.

“ನಾಚಿಕಿ ಇದ್ದವರು ಅಷ್ಟು ಜೋರಾಗಿ ಯಾಕ ಬಾರಿಸ್ತಾರ?”

ಅವನೆಂದ: “ಜೋರಾಗಿ ಬಾರಿಸಿದ್ರ ಅದರ ಹಿಂದ ನಿಂದರಬಹುದು.”

ನನ್ನ ಬಾಯಿ ಕಟ್ಟಿಸಿದ ಆ ಮಾತನ್ನು ರೇಣುಕಾ ಇಡೀ ಹಾಸ್ಟೆಲ್ಲಿಗೆ ಹೇಳಿದಳು.

ಆಮೇಲೆ ತಿಂಗಳಿಗೆರಡು ಶನಿವಾರ ಹೋಗತೊಡಗಿದೆ. ತನಿಖೆಗೆ ಹೋಗುತ್ತೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತನಿಖೆ ಮಾಡುವವರು ಬಸ್ಸಿನಲ್ಲಿ ಗುನುಗುವುದಿಲ್ಲ ಎಂದು ರೇಣುಕಾ ಹೇಳುತ್ತಿದ್ದಳು. ತಂಡಗಳ ಹೆಸರು ಸದ್ದಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲವಾಗಿ ನಾವೇ ಹೆಸರಿಟ್ಟೆವು. ಒಬ್ಬ ಹುಡುಗ ಮೂಗಿನಲ್ಲಿ ಹಾಡುತ್ತಿದ್ದ, ಅವನದು ‘ನೆಗಡಿಯವರು’. ಮೊದಲ ದಿನ ಕೇಳಿದ ಹೊಳೆಯಂಥ ಸದ್ದಿನವರು ‘ಜೇನುಗೂಡಿನವರು’. ಅವರ ಆ ಹಾಡನ್ನು ರೇಡಿಯೋ ಕೇಂದ್ರದವರು ನಾಲ್ಕಾರು ಸಲ ಹಾಕಿದರು. ಪ್ರತಿ ಸಲವೂ ಆ ಹುಡುಗಿ ಬೇರೆ ಬೇರೆ ಜಾಗದಲ್ಲಿ ಮುಳುಗುತ್ತಿದ್ದಳು. ಅದು ನಮಗೆ ಸೋಜಿಗ. ಹಾಡು ಪ್ರತಿ ವಾರ ಹೊಸದಾಗುತ್ತದೆ ಎಂದು ಮಲ್ಲಣ್ಣ ಹೇಳುತ್ತಿದ್ದ.

ರೇಡಿಯೋ ಕೇಂದ್ರಕ್ಕೆ ಕಾಗದ ಬರೆಯುವ ಕೆಲಸ ನನ್ನದಾಯಿತು. ದೂರದ ಕೇಂದ್ರಗಳು ತಮ್ಮ ದನಿ ಎಲ್ಲೆಲ್ಲಿ ಹೇಗೆ ಕೇಳುತ್ತದೆಂದು ತಿಳಿಯಲು ಕೇಳುಗರಿಂದ ವರದಿ ಬಯಸುತ್ತವೆ. ದಿನ, ಹೊತ್ತು, ಹಾಕಿದ ಹಾಡು ಬರೆದು, ಸ್ಪಷ್ಟತೆಗೆ ಐದರಲ್ಲಿ ಇಷ್ಟು ಎಂದು ಅಂಕ ಕೊಡಬೇಕು. ವಿವರ ತಾಳೆಯಾದರೆ ಚಿತ್ರವಿರುವ ಒಂದು ಕಾರ್ಡು ಕಳಿಸುತ್ತಾರೆ. ಮಲ್ಲಣ್ಣ ಐದಕ್ಕೆ ಐದು ಕೊಡು ಎನ್ನುವನು. ನಾನು ಎರಡು ಹಾಕುವೆ.

“ಎರಡಾ? ಪಾಪ, ಅವ್ರಿಗಿ ಬ್ಯಾಸರ ಆಗ್ತದವ್ವಾ.”

“ಸುಳ್ಳು ಬರದ್ರ ವರದಿ ಹೆಂಗಾಗ್ತದ?”

“ಮೂರರೆ ಹಾಕು. ಅಷ್ಟು ದೂರಿಂದ ಬಂದದ.”

ಎರಡೇ ಹಾಕಿದೆ. ಯಾವತ್ತೂ ಎರಡೇ. ನಮ್ಮ ಎರಡು ಅಂಕಕ್ಕೂ ಅವರು ಪ್ರತಿ ಸಲ ಕಾರ್ಡು ಕಳಿಸಿದರು.

ಇಷ್ಟರಲ್ಲಿ ಮನೆಯೊಳಗೆ ಬೇರೆಯದೇ ನಡೆದಿತ್ತು. ಊರವರು ಕೊಟ್ಟ ರೇಡಿಯೋಗಳು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕಾಯುತ್ತಿದ್ದವು. ಮಲ್ಲಣ್ಣನ ಕಿವಿ ವಿಲಾಯಿತಿಯಲ್ಲಿತ್ತು. ಭೀಮಣ್ಣನವರ ಸೋದರಳಿಯ ಗೊಬ್ಬರದ ವ್ಯಾಪಾರ ಹೂಡುವವನಿದ್ದ, ಅವನಿಗೆ ಬಸ್‌ಸ್ಟ್ಯಾಂಡಿಗೆ ಹತ್ತಿರದ ಈ ಖೋಲಿಯೇ ಬೇಕಿತ್ತು. ಶ್ರಾವಣದಲ್ಲಿ ಒಂದು ಸಂಜೆ ಭೀಮಣ್ಣ ನಮ್ಮ ಮೂವರ ಎದುರೇ ಮಾತು ತೆಗೆದರು.

“ಮಲ್ಲ್ಯಾ, ಊರಾಗ ಏನಂತಾರ ಗೊತ್ತದೇನು? ಭೀಮಣ್ಣನ ಮಗ ಕರಕರ ಸಪ್ಪಳಕ್ಕ ಕೈ ಕಟ್ಟಿ ಕುಂದರ್ತಾನ, ಅವಗ ದೆವ್ವ ಹಿಡದದ ಅಂತಾರ. ನೀ ಅದನ್ನ ಹಾಡು ಅಂತಿ. ಸಾಬೀತ ಮಾಡು. ದೀಪಾವಳಿ ತನಕ ನೋಡ್ತೀನಿ. ಹಾಡು ಅಂತ ಸಾಬೀತ ಆದ್ರ ಖೋಲಿ ನಿಂದು, ನಾ ಬಾಯಿ ಬಿಡಂಗಿಲ್ಲ. ಇಲ್ಲಂದ್ರ ಗೊಬ್ಬರಕ್ಕ ಕೊಟ್ಟು ನೀ ನನ್ನ ಕೂಡ ಕುರಿ ಹಿಂದ ಬಾ.”

ಮಲ್ಲಣ್ಣ ಆ ಖೋಲಿಯಲ್ಲಿ ಬಿಟ್ಟು ಬೇರೆಲ್ಲೂ ಬಾಯಿ ಬಿಡುತ್ತಿರಲಿಲ್ಲ. ಅವನು ನನಗೆ ಹೇಳಿದ: “ಕಾಗದ ಬರಿ. ಜೇನುಗೂಡಿನವರ ಹಾಡು ಒಂದು ಕ್ಯಾಸೆಟ್ಟಿನಾಗ ಹಾಕಿ ಕಳಸ್ರಿ ಅಂತ ಬರಿ. ಯಪ್ಪ ನಂಬವಲ್ಲ ಅಂತ ಬರಿ.” ಬರೆದೆ. ಅಂಕ ಎಷ್ಟು ಹಾಕಲಿ ಎಂದು ಕೇಳಿದೆ. “ನಿನ್ನ ಖುಷಿ” ಎಂದ.

ದೀಪಾವಳಿಗೆ ಎಂಟು ದಿನ ಇರುವಾಗ ಕ್ಯಾಸೆಟ್ಟು ಬಂತು. ಆ ಶನಿವಾರ ನಾವು ಹೋಗುವ ಹೊತ್ತಿಗೆ ಖೋಲಿಯ ತುಂಬ ಜನ. ಭೀಮಣ್ಣ ನಡುವೆ ಕುರ್ಚಿಯಲ್ಲಿ ಕೂತಿದ್ದರು. ಮಲ್ಲಣ್ಣ ಗರಿ ಮುರಿಯದ ಅಂಗಿ ತೊಟ್ಟಿದ್ದ. ಅಂದು ಮೊದಲ ಸಲ ನನ್ನ ಮುಖ ನೋಡಿ ಹೇಳಿದ, “ನೀನ ಹಾಕವ್ವಾ. ಕಾಗದ ಬರದಾಕಿ ನೀನು.”

ನಾನು ಹಾಕಲಿಲ್ಲ, ಮೊದಲು ತಿರುಗಿಸಿ ಮುರುಗಿಸಿ ನೋಡಿದೆ. ಹೊದಿಕೆಯ ಕಾಗದ ಕಪ್ಪು ಬಿಳುಪು ಜೆರಾಕ್ಸು, ಅದರ ಮೇಲೆ ಯಾರೋ ಕೈಯಿಂದ ಹಳದಿ ಬಣ್ಣ ಬಳಿದಿದ್ದರು, ಅದೂ ಗೆರೆ ದಾಟಿ. ತೀನ್ ಕಂದೀಲಿನ ಖೊಟ್ಟಿ ಕ್ಯಾಸೆಟ್ಟಿಗೂ ಬಣ್ಣದ ಫೋಟೋ ಇರುತ್ತದೆ. ಲಕೋಟೆಯನ್ನು ಒಡೆದು ಮತ್ತೆ ಅಂಟಿಸಿದ ಗುರುತಿತ್ತು. ಆಮೇಲೆ ಮಲ್ಲಣ್ಣನೇ ಅದನ್ನು ಟೇಪ್‌ರೆಕಾರ್ಡರಿಗೆ ಹಾಕಿದ, ಹಾಡು ಶುರುವಾಯಿತು. ಅದೇ ರಾಗ, ಅದೇ ಹುಡುಗಿ. ಆದರೆ ಅವಳು ಮುಳುಗಲಿಲ್ಲ. ಗಿಟಾರಿನ ಮೊರೆತ ಇತ್ತು, ಏರಿಳಿತ ಇರಲಿಲ್ಲ. ಎರಡನೇ ನುಡಿಗೆ ಮುಂಚೆ ಅವಳು ಉಸಿರೆಳೆದುಕೊಳ್ಳುವುದು ಕೂಡ ಕೇಳಿಸಿತು. ಅಂಥ ಉಸಿರು ನಾವು ರೇಡಿಯೋದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ನಿಮ್ಮಾಣೆ, ಆಗ ನನ್ನೊಳಗೆ ದ್ವೇಷವೇನೂ ಇರಲಿಲ್ಲ. ಎದುರು ಜನ ಕೂತಿದ್ದರು, ಕೈಯಲ್ಲಿ ಒಂದು ವಾದ ಇತ್ತು. ಅಷ್ಟೇ.

“ಹಾಡು ಹೌದೇನವ್ವಾ? ನೀ ಕಲತಾಕಿ, ನೀ ಹೇಳು” ಎಂದರು ಭೀಮಣ್ಣ.

“ಒಂದು ಮಾತು ಕೇಳ್ತೀನಿ ಮಲ್ಲಣ್ಣ” ಎಂದು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯವೇ ಇರಲಿಲ್ಲ. “ರೇಡಿಯೋದಾಗ ಕೇಳಿದ ಗದ್ದಲ ಹಾಡಿಂದೋ, ಗಾಳಿದೋ? ಹಾಡಿಂದ ಅಂತಿ ಅಂದ್ರ, ಇದರಾಗ ಆ ಏರಿಳಿತ ಯಾಕ ಇಲ್ಲ? ಗಾಳಿದು ಅಂತಿ ಅಂದ್ರ, ಕ್ಯಾಸೆಟ್ಟಿನಾಗ ಗದ್ದಲ ಯಾಕ ಅದ? ಎರಡರಾಗ ಒಂದು ಹೇಳು.”

ಮಲ್ಲಣ್ಣ ಚಪ್ಪಲಿ ನೋಡಿದ.

ನಾನು ನಿಲ್ಲಿಸಲಿಲ್ಲ. ವಿಲಾಯಿತಿಯವರು ಜೆರಾಕ್ಸು ಕಳಿಸುತ್ತಾರೆಯೇ? ಲಕೋಟೆ ಒಡೆದವರು ಯಾರು? ಹೋದ ತಿಂಗಳು ಸಾಮಾನು ತರಲು ನೀನು ಹೈದರಾಬಾದಿಗೆ ಹೋಗಿದ್ದೆ ತಾನೆ? ಅಲ್ಲಿ ಇಂಗ್ಲಿಷ್ ಹಾಡುವ ಹುಡುಗಿಯರಿಲ್ಲವೇ, ಹಾಡು ತುಂಬಿಕೊಡುವ ಅಂಗಡಿಗಳಿಲ್ಲವೇ? ಖೋಲಿ ಉಳಿಯಬೇಕೆಂಬ ಆಸೆ ಯಾರಿಗಿತ್ತು? ಒಂದೊಂದಕ್ಕೂ ಒಂದೊಂದು ಬೆರಳು ಮಡಿಸಿದೆ. ಜನ ತಲೆದೂಗಿದರು. ಹಿಂದಿನಿಂದ ಒಬ್ಬರು, “ಹೌದಲ್ಲೋ, ಪಾಯಿಂಟ್ ಅದ” ಎಂದರು.

“ನನಗ ಗೊತ್ತಿಲ್ಲವ್ವಾ” ಎಂದ ಮಲ್ಲಣ್ಣ. “ಅವರು ಕಳಿಸ್ಯಾರ. ನಾ ಹಾಕೀನಿ.”

ಭೀಮಣ್ಣ ಎದ್ದು ಕಂಬಳಿ ಕೊಡವಿದರು. “ಭೇಷ್ ವಕೀಲವ್ವಾ. ನಮ್ಮ ಮನ್ಯಾಗ ಯಾರಿಗೂ ಇಷ್ಟು ಬುದ್ಧಿ ಇದ್ದಿಲ್ಲ” ಎಂದರು. ಅದರಲ್ಲಿ ಸಂತೋಷ ಇರಲಿಲ್ಲವೆಂದು ನನಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ಮಗ ಗೆಲ್ಲಲೆಂದೇ ಆ ಮುದುಕ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಿರಬೇಕು.

ರೇಣುಕಾ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿದಳು. ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಒಂದೇ ಮಾತು: “ಗೆದ್ದಿ ಬಿಡು. ನಮ್ಮ ಮನ್ಯಾಗ ಲೋಟ ಭಾಳ ಅವ, ಒಂದು ಒಯ್ಯಬೇಕಿತ್ತು.”

ದೀಪಾವಳಿ ರಜೆಗೆ ನಾನು ಮಾನ್ವಿಗೆ ಹೋದೆ. ಕಲ್ಲೂರು ದಾಟುವ ತನಕ ಬಸ್ಸಿನಲ್ಲಿ ನನ್ನ ವಾದವನ್ನು ಮತ್ತೆ ಮತ್ತೆ ಬಡಿದು ನೋಡಿದೆ. ಪೂರಾ ಟಣ್ ಎನ್ನುತ್ತಿತ್ತು. ಬಿರುಕು ಎಲ್ಲಿಯೂ ಇರಲಿಲ್ಲ. ಆದರೂ ಬಡಿಯುವುದನ್ನು ಬಿಡಲಾಗಲಿಲ್ಲ.

ಶನಿವಾರ ಸಂಜೆ ಅಪ್ಪನ ಸೆಲ್ಲಿನ ರೇಡಿಯೋ ತೆಗೆದುಕೊಂಡು ಮಾಳಿಗೆ ಹತ್ತಿದೆ. ನಮ್ಮೂರಿನಲ್ಲಿ ಆ ಹೊತ್ತಿಗೆ ವಿಲಾಯಿತಿ ಹಿಡಿಯುವುದು ಕಷ್ಟ. ಅಕ್ಕಿ ಗಿರಣಿಗಳ ಮೋಟರು, ಬೀದಿಯ ಟ್ಯೂಬ್‌ಲೈಟುಗಳು ಎಲ್ಲ ಸೇರಿ ರೇಡಿಯೋದೊಳಗೆ ಗುಂಯ್ ಎನ್ನುತ್ತವೆ. ಮುಳ್ಳನ್ನು ಜಾಗಕ್ಕೆ ತಂದೆ. ಮೆಣಸಿನಕಾಯಿ ಹುರಿಯುವ ಸದ್ದು, ಅದರ ಹಿಂದೆ ಮೆಲುದನಿಯ ಮನುಷ್ಯ. ಈ ವರ್ಷ ಬಂದ ಒಳ್ಳೆಯ ಹಾಡುಗಳನ್ನು ಮತ್ತೆ ಹಾಕುತ್ತೇನೆ ಎನ್ನುತ್ತಿದ್ದ. ಜೇನುಗೂಡಿನವರ ಹಾಡು ಶುರುವಾಯಿತು. ಅದೇ ಏರಿಳಿತ, ಅದೇ ಮುಳುಗುವುದು. ನೋಡಿದೆಯಾ, ಎಂದು ನನಗೆ ನಾನೇ ಹೇಳಿಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಊರಿಗೆ ಊರೇ ಆರಿತು. ಮೋಟರುಗಳು ನಿಂತವು. ಕೆಳಗೆ ಅವ್ವ ಕರೆಂಟಿನವರನ್ನು ಬೈಯುವುದು ಕೇಳಿಸಿತು. ಮೇಲೆ ರೇಡಿಯೋದೊಳಗಿನ ಗುಂಯ್ ಸದ್ದು, ಬಾಗಿಲು ತೆರೆದಾಗ ಹೊಗೆ ಹೋಗುವ ಹಾಗೆ, ಹೊರಗೆ ಹೋಯಿತು. ಗಾಳಿಯೂ ಆ ಸಂಜೆ ನೆಟ್ಟಗಿದ್ದಿರಬೇಕು. ಹುಡುಗಿ ಮೇಲೆ ಬಂದಳು, ಮತ್ತೆ ಮುಳುಗಲಿಲ್ಲ. ಗಿಟಾರಿನ ಮೊರೆತ ಮಾತ್ರ ಹಾಗೆಯೇ ಉಳಿಯಿತು, ಅದು ಅವರದೇ. ಎರಡನೇ ನುಡಿಗೆ ಮುಂಚೆ ಅವಳು ಉಸಿರೆಳೆದುಕೊಂಡಳು.

ಆ ಉಸಿರನ್ನು ನಾನು ಮಲ್ಲಣ್ಣನ ಮೇಲೆ ಸಾಕ್ಷಿಯಾಗಿ ಬಳಸಿದ್ದೆ.

ಗದ್ದಲ ಹಾಡಿನದೋ ಗಾಳಿಯದೋ ಎಂದು ಕೇಳಿದ್ದೆ. ಎರಡರದ್ದೂ. ಒಂದಿಷ್ಟು ಅವರು ಬಾರಿಸಿದ್ದು, ಒಂದಿಷ್ಟು ಸಮುದ್ರ ದಾಟಿ ಬರುವಾಗ ಹತ್ತಿಕೊಂಡದ್ದು, ಒಂದಿಷ್ಟು ನಮ್ಮದೇ ಊರುಗಳ ಮೋಟರು, ಟ್ಯೂಬ್‌ಲೈಟುಗಳದು. ಮೂರನ್ನೂ ಸೇರಿಸಿ ನಾವು ಒಂದು ಹಾಡು ಅಂದುಕೊಂಡು ಅದಕ್ಕೆ ಮನಸೋತಿದ್ದೆವು. ಎರಡರಲ್ಲಿ ಒಂದು ಹೇಳು ಎಂದು ಅಬ್ಬರಿಸುವವರು ಮೂರನೆಯದು ಇರಬಹುದೆಂದು ಬೆಳಿಗ್ಗೆಯೂ ಯೋಚಿಸುವುದಿಲ್ಲ, ಸಂಜೆಯೂ ಯೋಚಿಸುವುದಿಲ್ಲ. ಜೆರಾಕ್ಸು? ತಾವೇ ಮಲಗುವ ಕೋಣೆಯಲ್ಲಿ ಮಾಡಿಕೊಳ್ಳುವವರು ಬಣ್ಣದ ಫೋಟೋ ಎಲ್ಲಿಂದ ತರಬೇಕು? ಅದನ್ನು ಮಲ್ಲಣ್ಣನಿಗೆ ವಿವರಿಸಿ ಹೇಳಿದವಳೇ ನಾನು. ಲಕೋಟೆ ಒಡೆದವರು ಪರದೇಶದ ಅಂಚೆಯನ್ನು ತಪಾಸಣೆ ಮಾಡುವವರು, ಇನ್ಯಾರು?

ಭಾನುವಾರ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದೆ.

ಖೋಲಿಯಲ್ಲಿ ಅರ್ಧಕ್ಕೆ ಗೊಬ್ಬರದ ಚೀಲಗಳು ಬಂದು ಕೂತಿದ್ದವು. ಉಳಿದರ್ಧದಲ್ಲಿ ಮೇಜನ್ನು ಗೋಡೆಗೆ ಒತ್ತಿ ಮಲ್ಲಣ್ಣ ಯಾರದೋ ರೇಡಿಯೋ ಬೆಸೆಯುತ್ತಿದ್ದ. ರೇಣುಕಾ ಒಳಗಿನಿಂದ ಇಣುಕಿ ನನ್ನನ್ನು ನೋಡಿ, ಬಾ ಎನ್ನದೆ ಬಾಗಿಲಿಗೆ ಒರಗಿ ನಿಂತಳು. ಭೀಮಣ್ಣ ಚೀಲಗಳ ಮೇಲೆಯೇ ಕೂತಿದ್ದರು.

“ಯಪ್ಪಾ, ನಾ ಆವತ್ತ ಹೇಳಿದ್ದು ತಪ್ಪು” ಎಂದೆ.

“ಯಾವುದು? ಆವತ್ತ ನೀ ಭಾಳ ಹೇಳಿದಿ.”

“ಎಲ್ಲಾ.”

“ಹಂಗಲ್ಲವ್ವಾ. ಆವತ್ತ ಒಂದೊಂದು ಬಟ್ಟು ಮಡಚಿ ಹೇಳಿದಿ. ಇವತ್ತ ಒಂದೊಂದ ಬಿಚ್ಚಿ ಹೇಳು.”

ಬಿಚ್ಚಿದೆ. ಕರೆಂಟು ಹೋದದ್ದು, ಉಸಿರು ಕೇಳಿದ್ದು, ಜೆರಾಕ್ಸು, ಲಕೋಟೆ, ಹೈದರಾಬಾದು. ಪರವಾಗಿ ವಿರುದ್ಧವಾಗಿ ಎಷ್ಟೋ ಮಾತಾಡಿದ್ದೆ. ನನ್ನ ವಿರುದ್ಧ ಮಾತಾಡಿ ಅಭ್ಯಾಸ ಇರಲಿಲ್ಲ. ಎರಡು ಸಲ ತೊದಲಿದೆ. ಕೊನೆಗೆ, “ಬೇಕಾದ್ರ ಕ್ಯಾಸೆಟ್ ಹಾಕ್ರಿ. ಯಾವ ಉಸಿರು ಅಂತ ತೋರಸ್ತೀನಿ” ಎಂದೆ.

ಮಲ್ಲಣ್ಣ ಬೆಸುಗೆಯ ಕಡ್ಡಿ ಕೆಳಗಿಟ್ಟ. “ಅದರಾಗ ಈಗ ಯಪ್ಪನ ಹಾಡು ಅದ.”

“ಅಂದ್ರ?”

“ಹಾಡು ಅಳಸಬಾರದಂತ ಕ್ಯಾಸೆಟ್ಟಿಗಿ ಬಿಟ್ಟಿರ್ತಾರಲ್ಲ, ಆ ಕಿಂಡಿಗಿ ಕಾಗದ ತುರುಕಿ ಅದರ ಮ್ಯಾಲ ಯಪ್ಪನ ಕುರಿ ಕಾಯೋ ಹಾಡು ತುಂಬೀನಿ. ಖೊಟ್ಟಿ ಅಂದಿ. ಖೊಟ್ಟಿ ಇಟ್ಕೊಂಡು ಏನ್ ಮಾಡ್ಲಿ?” ಬೈಯುವ ದನಿಯಲ್ಲ ಅದು. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ಇದ್ದ ಒಂದೇ ಪುರಾವೆ ನನ್ನ ಮಾತಿನಿಂದಲೇ ಅಳಿಸಿಹೋಗಿತ್ತು. ಇನ್ನು ವಾದಕ್ಕೆ ಏನೂ ಉಳಿದಿರಲಿಲ್ಲ. ನಾನು ಮೇಜಿನ ಅಂಚಿನ ಮೇಲೆ ಕೂತೆ. ರೇಣುಕಾ ಒಳಗೆ ಹೋಗಿ ನೀರು ತಂದು ಕೊಟ್ಟಳು.

“ನಂದ ಹಾಕಲೇ ಮಲ್ಲ್ಯಾ, ಈಕಿ ಕೇಳಿಲ್ಲಲ್ಲ” ಎಂದರು ಭೀಮಣ್ಣ.

ಹಾಕಿದ. ಮುದುಕರ ದನಿ ಒಡಕಾಗಿ ಗಟ್ಟಿಯಾಗಿ ಬಂತು, ನಡುನಡುವೆ ಕೆಮ್ಮು, ಎಲ್ಲೋ ಒಂದು ಕುರಿಯ ಕೂಗು. ಹಾಡು ಉದ್ದವಾಗಿತ್ತು. ಮುಗಿದ ಮೇಲೆ ಅದರಲ್ಲಿಯೇ “ಸಾಕು, ಬಂದ್ ಮಾಡಲೇ” ಎಂಬ ಅವರ ಮಾತು, ಒಂದು ಟಕ್ ಸದ್ದು. ನಾನು ನಿಲ್ಲಿಸಲು ಕೈ ಚಾಚಿದೆ. ಭೀಮಣ್ಣ ನನ್ನ ಮಣಿಕಟ್ಟು ಹಿಡಿದರು.

“ತಡಿ. ಇನ್ನಾ ಅದ.”

ಟಕ್ ಸದ್ದಿನ ಆಚೆಯಿಂದ ಗಿಟಾರುಗಳು ಏರಿ ಬಂದವು. ಅಳಿಸದೆ ಉಳಿದ ಹಾಡಿನ ಬಾಲ. ಹಾಡಿನ ಮಾತು ಮುಗಿಸಿದ ಹುಡುಗಿ ಬರೀ ದನಿಯಲ್ಲಿ ಏನೋ ಎಳೆಯುತ್ತಿದ್ದಳು. ಅರ್ಧ ನಿಮಿಷವೋ ಇನ್ನೂ ಸ್ವಲ್ಪವೋ. ಭೀಮಣ್ಣ ಕಣ್ಣು ಮುಚ್ಚಿದ್ದರು. ಟೇಪು ತಾನಾಗಿ ನಿಂತಿತು.

“ದಿನಾ ಕೇಳ್ತೀನಿ ಇದನ್ನ” ಎಂದರು. “ನಂದು ಮುಗಿದ ಮ್ಯಾಲ ಇದು ಬರ್ತದ. ದೂರ ಎಲ್ಲೋ ಮಳಿ ಬಂದಾಗ ಕುರಿ ಮೇಯೋದು ಬಿಟ್ಟು ಎಲ್ಲಾ ಒಂದ ಕಡಿ ಮಾರಿ ಮಾಡಿ ನಿಂದರ್ತಾವ ನೋಡು, ಹಂಗ ಅನಸ್ತದ. ಮಲ್ಲ್ಯಾ ಏನೋ ಬ್ಯಾರೆ ಹಚ್ಯಾನ ಅಂತ ತಿಳಕೊಂಡಿದ್ದೆ. ಇದ ಏನು, ಆ ಖೊಟ್ಟಿ ಹಾಡು?”

“ಖೊಟ್ಟಿ ಅಲ್ಲ ಯಪ್ಪಾ. ಖರೇದು.”

“ಖರೇ ಖೊಟ್ಟಿ ನಿಮ್ಮ ಕಚೇರಿ ಮಾತು. ಹಾಡು ಹೌದಿಲ್ಲೋ?”

“ಹೌದು.”

“ನನಗೂ ಹೌದು ಅನಸ್ತದ.” ಚೀಲದ ಮೇಲಿಂದ ಇಳಿದು ರೇಡಿಯೋಗಳ ಮೇಲೆ ಬಿದ್ದಿದ್ದ ಬಿಳಿ ಧೂಳನ್ನು ಬೆರಳಿನಿಂದ ತೀಡಿ ನೋಡಿದರು. “ಈ ಗೊಬ್ಬರ ಇದರ ಮ್ಯಾಲ ಬೀಳಾಕತ್ತದ. ಹಾಳಾಗ್ತಾವ.”

“ಅಂದ್ರ ಖೋಲಿ ಮಲ್ಲಣ್ಣಂದೋ?” ಎಂದೆ. ತೀರ್ಪು ಬಾಯಿಬಿಟ್ಟು ಹೇಳುವ ತನಕ ನನಗೆ ನಂಬಿಕೆಯಿಲ್ಲ. “ನಿಮ್ಮ ಸೋದರಳಿಯಗ ಮಾತು ಕೊಟ್ಟೀರಿ. ನಾಳಿ ಅವರು ಬಂದು ಕೇಳಿದ್ರ?”

“ನಾಳಿ ಬಂದ್ರ ಚೀಲ ಅಂಗಳದಾಗ ಅದ, ಒಯ್ಯಿ ಅಂತೀನಿ.”

“ಅಂಗಳದಾಗ ಎಲ್ಲಿ ಅದ? ಇಲ್ಲೇ ಅದಲ್ಲ.”

ಮಲ್ಲಣ್ಣ ಆಗ ನಕ್ಕ. ರೇಣುಕಾಳೂ ನಕ್ಕಿರಬೇಕು, ಬಾಗಿಲ ಕಡೆಯಿಂದ ಸದ್ದು ಬಂತು. ಭೀಮಣ್ಣ ಕಂಬಳಿಯನ್ನು ಹೆಗಲಿನಿಂದ ತೆಗೆದು ಮೇಜಿನ ಮೇಲೆ ಹಾಕಿ, ಎಲ್ಲಕ್ಕಿಂತ ಮೇಲಿನ ಚೀಲದ ಒಂದು ತುದಿಗೆ ಕೈ ಹಾಕಿದರು.

“ವಕೀಲವ್ವಾ, ಬಾಯಿ ಜರಾ ಬಂದ್ ಮಾಡು. ಆ ತುದಿ ಹಿಡಿ.”

ಹಿಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಭಾರ ಇತ್ತು. ಹಿಂದಕ್ಕೆ ಹೆಜ್ಜೆಯಿಡುತ್ತ ಬಾಗಿಲು ದಾಟಿ ಅಂಗಳದ ಬಿಸಿಲಿಗೆ ತಂದು ಇಳಿಸಿದೆವು. ಒಳಗೆ ಇನ್ನೂ ಹನ್ನೊಂದು ಇದ್ದವು.